ಹಸ್ತಾಂತರದ ಫೋಟೋ

‘ಇದು ಕಾಗದಕ್ಕೆ ಮಾತ್ರ, ಕಾಕಾ’ ಎಂದು ತಾನು ಅವತ್ತು ಹೇಳಿದ್ದಳೋ ಇಲ್ಲವೋ ಎಂಬುದು ಬಸ್ಸು ತಂಬ್ರಹಳ್ಳಿ ದಾಟಿದರೂ ಗಂಗಾಂಬಿಕಾಗೆ ನೆನಪಾಗಲಿಲ್ಲ. ಹೇಳಬೇಕು ಅಂದುಕೊಂಡದ್ದು ನೆನಪಿತ್ತು. ಹೋದ ವರ್ಷದ ಆ ಬೆಳಿಗ್ಗೆ ಮಗಳ ಡಬ್ಬಿಗೆ ಚಪಾತಿ ಸುತ್ತಿಡುತ್ತ, ಹೇಗೆ ಹೇಳಿದರೆ ಹಿರಿಯ ಜೀವಕ್ಕೆ ನೋವಾಗದು ಎಂದು ಆ ಮಾತನ್ನು ಎರಡು ಮೂರು ಬಗೆಯಲ್ಲಿ ಜೋಡಿಸಿ ನೋಡಿದ್ದಳು. ಆಫೀಸಿನಲ್ಲಿ ತನ್ನ ಮೇಲಧಿಕಾರಿ ಗುರುಬಸವರಾಜ ಸರ್ ಮುಂದೆ ಹೇಳಿದ್ದಳು, ಅದು ಖಂಡಿತ, ಅವರು ಕನ್ನಡಕ ಹಣೆಗೇರಿಸಿ, “ಕಾಗದದ ಮ್ಯಾಲ ನಿವೃತ್ತಿ, ಅಟ್ಟದ ಮ್ಯಾಲ ಕುಣಿತ. ಭೇಷ್ ಐತಲ್ಲಮ್ಮ” ಎಂದು ನಕ್ಕದ್ದೂ ನೆನಪಿತ್ತು. ಆದರೆ ಹಂಪಸಾಗರದ ಆ ಮನೆಯೊಳಗೆ, ಬಯಲಾಟದ ಹಿರಿಯ ದಾವಲ್ ಸಾಬರ ಎದುರಿಗೆ, ಆ ಮಾತು ಬಾಯಿಂದ ಹೊರಬಿತ್ತೆ? ನೆನಪಿನಲ್ಲಿ ಆ ಜಾಗಕ್ಕೆ ಬಂದಾಗಲೆಲ್ಲ ಅವಳಿಗೆ ತನ್ನ ತುಟಿ ಅಲುಗುವುದು ಕಾಣುತ್ತಿತ್ತು. ದನಿ ಮಾತ್ರ ಕೇಳುತ್ತಿರಲಿಲ್ಲ. ಪಕ್ಕದಲ್ಲಿ ಕೂತಿದ್ದ ಹೆಂಗಸು ಮಡಿಲಲ್ಲಿದ್ದ ಬದನೆಕಾಯಿಯ ಚೀಲವನ್ನು ಆಚೆ ಸರಿಸಿ, “ಏನ್ ಅಂದ್ರಿ ಅಕ್ಕಾ?” ಎಂದಳು. ಗಂಗಾಂಬಿಕಾ ಏನೂ ಇಲ್ಲವೆಂದು ತಲೆಯಾಡಿಸಿದಳು. ತಾನೇನೋ ಅಂದಿರಬೇಕು.

ಹಗರಿಬೊಮ್ಮನಹಳ್ಳಿಯಲ್ಲಿ ಗೊಬ್ಬರದಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಅವಳ ಸಂಸ್ಥೆ. ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ, ಎಲ್ಲ ಕಡೆಯ ಬಯಲಾಟದವರು, ಚೌಡಿಕೆಯವರು, ತತ್ವಪದ ಹಾಡುವವರು ಆ ಮೆಟ್ಟಿಲು ಹತ್ತಿ ಬಂದು, ಗೊಬ್ಬರದ ಘಾಟಿಗೆ ಕೆಮ್ಮಿ, ಅವಳ ಮೇಜಿನ ಮುಂದೆ ಕೂರುತ್ತಾರೆ. ಒಂಬತ್ತು ವರ್ಷದಿಂದ ಅವರ ಅರ್ಜಿ ತುಂಬುವುದು, ಆಸ್ಪತ್ರೆಗೆ ಚೀಟಿ ಮಾಡಿಸಿಕೊಡುವುದು, ಯಾರಿಗೆ ಹಾರ್ಮೋನಿಯಂ ಬೇಕು, ಯಾರಿಗೆ ಕನ್ನಡಕ ಬೇಕು ಎಂದು ನೋಡುವುದೇ ಅವಳ ಕೆಲಸ. ಅದನ್ನು ಅವಳು ಅಡುಗೆ ಮಾಡಿದಂತೆ ಮಾಡುತ್ತಾಳೆ. ಯಾರಿಗೆ ಎಷ್ಟು ಸಾಕು, ಯಾರು ಕೇಳಲು ನಾಚುತ್ತಾರೆ, ಯಾರು ಉಂಡರೂ ಉಂಡಿಲ್ಲ ಅನ್ನುತ್ತಾರೆ, ಎಲ್ಲ ಗೊತ್ತು. ಕೊಡುವವರು ಬೆಂಗಳೂರಿನ ದೊಡ್ಡ ಸಂಸ್ಥೆಯವರು. ಅವರ ‘ಆಸರೆ’ ಯೋಜನೆಯಲ್ಲಿ ಎರಡೇ ಪಟ್ಟಿ: ದುಡಿಯುವ ಕಲಾವಿದರು, ನಿವೃತ್ತ ಕಲಾವಿದರು. ಹೋದ ವರ್ಷ ದಾವಲ್ ಸಾಬರ ಹೃದಯದ ನಾಳ ಕಟ್ಟಿಕೊಂಡಿದೆ, ಬೇಗ ಆಪರೇಷನ್ ಆಗಬೇಕು ಅಂದಾಗ ಮೊದಲ ಪಟ್ಟಿ ಭರ್ತಿಯಾಗಿತ್ತು. ಎರಡನೆಯದರಲ್ಲಿ ಒಂದು ಜಾಗವಿತ್ತು. ಅದಕ್ಕೆ ಬೇಕಾದ ದಾಖಲೆಗಳಲ್ಲಿ ಕೊನೆಯದು, ‘ಕಲೆಯನ್ನು ಮುಂದಿನವರಿಗೆ ಒಪ್ಪಿಸುತ್ತಿರುವ ಹಸ್ತಾಂತರದ ಫೋಟೋ’. ಯಾರೋ ಎಲ್ಲೋ ತಂಪು ಕೋಣೆಯಲ್ಲಿ ಕೂತು, ಚೆಂದ ಕಂಡೀತು ಎಂದು ಬರೆದ ಸಾಲು.

ನಲವತ್ತು ವರ್ಷ ರಾಕ್ಷಸ ಪಾತ್ರ ಮಾಡಿದ ಮನುಷ್ಯ. ಹಗಲೆಲ್ಲ ಬೋರಿನ ಮೋಟರಿಗೆ ತಂತಿ ಸುತ್ತುವ ಕೆಲಸ, ಆಟವಿದ್ದರೆ ಬಣ್ಣ. ಅವರು ಅಟ್ಟಕ್ಕೆ, ಆಟದ ಹಲಗೆಯ ವೇದಿಕೆಗೆ, ಹೆಜ್ಜೆಯಿಟ್ಟರೆ ಹಲಗೆಯ ಕೆಳಗೆ ಮಲಗಿದ ನಾಯಿಗಳು ಎದ್ದು ಓಡುತ್ತಿದ್ದವಂತೆ. ಅಂಥವರು ಆ ದಿನ ಗೆಜ್ಜೆಸರ ಕೈಯಲ್ಲಿ ಹಿಡಿದು ಶಾಲೆಯ ಹುಡುಗನಂತೆ ಅವಳು ತೋರಿಸಿದಲ್ಲಿ ಕೂತರು. ಗೆಜ್ಜೆ ತೆಗೆದುಕೊಳ್ಳುವವನು ದುರುಗಣ್ಣ, ಗೋಡೆ ಕಟ್ಟುವ ಐವತ್ತರ ಗೌಂಡಿ, ಅವರ ಕೈಯಲ್ಲೇ ಹೆಜ್ಜೆ ಕಲಿತವನು. ಕರೆಂಟು ಹೋಗಿತ್ತು. ತಗಡಿನ ಮನೆ, ಒಂದೇ ಕಿಟಕಿ. ಮೊಬೈಲಿನಲ್ಲಿ ಎರಡು ಕಪ್ಪು ಗುಡ್ಡೆ ಬಿಟ್ಟರೆ ಏನೂ ಮೂಡಲಿಲ್ಲ. ‘ಮಾರಿ ಕಾಣವಲ್ದು’ ಎಂದು ತನ್ನಷ್ಟಕ್ಕೆ ಗೊಣಗಿದಳು. “ಚಾಚಿ, ಒಂದು ದೀಪ ಹಚ್ಚಿ ಮುಂದ ಇಡ್ತೀರೇನು?” ಎಂದು ಅವಳು ಅವರ ಹೆಂಡತಿ ಜೈತುನ್ ಬೀಯನ್ನು ಕೇಳಿದಳು. ದಾವಲ್ ಸಾಬ್ ತಲೆಯೆತ್ತಿದರು. “ದೀಪಾನೂ ಹಚ್ಚಬೇಕೇನ್ರಿ, ಮೇಡಮ್ಮಾರ?” “ಹಚ್ಚಬೇಕ್ರಿ ಕಾಕಾ. ಇಲ್ಲಾಂದ್ರ ಅವರು ಒಪ್ಪಂಗಿಲ್ಲ.” ಅವರು ಒಂದು ಗಳಿಗೆ ಅವಳನ್ನೇ ನೋಡಿದರು. ಆಮೇಲೆ ಎದ್ದು ಒಳಗೆ ಹೋದರು. ಕಾಲು ತೊಳೆದ ಸಪ್ಪಳ ಕೇಳಿತು. ಬಿಳಿ ಅಂಗಿ ಹಾಕಿಕೊಂಡು ಬಂದರು. ಪಾಪ, ಫೋಟೋ ಎಂದರೆ ಯಾರಿಗಾದರೂ ಆಸೆಯೇ ಎಂದು ಅವಳು ಒಳಗೊಳಗೆ ನಕ್ಕಳು. ಒಂದೂವರೆಯ ಬಸ್ಸಿಗೆ ಹೊತ್ತಾಯಿತೇ ಎಂದು ಗಡಿಯಾರ ನೋಡಿದಳು. ಅವರು ಗೆಜ್ಜೆಯನ್ನು ಎರಡೂ ಕಾಲಿಗೆ ಕಟ್ಟಿಕೊಂಡು ದೀಪದ ಮುಂದೆ ನಿಂತರು. ಒಂದು ಸಲ, ಒಂದೇ ಸಲ, ಬಲಗಾಲನ್ನು ನೆಲಕ್ಕೆ ಊರಿದರು. ಕೂತು ಬಿಚ್ಚಿದರು. ದುರುಗಣ್ಣನ ಒಡ್ಡಿದ ಅಂಗೈಗೆ ಇಟ್ಟರು. ಅವಳು ಅಂದಳು: “ಕಾಕಾ, ಕಣ್ಣು ಮುಚ್ಚಿದೀರಿ. ಇನ್ನೊಮ್ಮೆ ಕೊಡ್ರಿ.”

ಈ ಮಾತು ಮಾತ್ರ ಅವಳಿಗೆ ಸ್ಪಷ್ಟವಾಗಿ, ಕಿವಿಯೊಳಗೇ ಆಡಿದಂತೆ ಕೇಳುತ್ತಿತ್ತು. ಇನ್ನೊಮ್ಮೆ ಕೊಡ್ರಿ. ಮಗುವಿಗೆ ಔಷಧಿ ಕುಡಿಸುವಾಗಿನ ದನಿ. ಎರಡನೆಯ ಸಲ ಚಿತ್ರ ಚೆನ್ನಾಗಿ ಬಂದಿತ್ತು. ದೀಪದ ಬೆಳಕು ಗದ್ದದ ಕೆಳಗಿಂದ ಬಿದ್ದು ಮುಖಕ್ಕೊಂದು ಗಾಂಭೀರ್ಯ ಬಂದಿತ್ತು. ಬೆಂಗಳೂರಿನವರು ವರ್ಷದ ವರದಿಯ ರಕ್ಷಾಪುಟಕ್ಕೆ ಅದನ್ನೇ ಹಾಕಿದರು. ಆಪರೇಷನ್ ಆಯಿತು. ಅವಳು ಗುರುಬಸವರಾಜ ಸರ್ ಕೈಯಿಂದ ಶಹಬ್ಬಾಸ್ ಅನ್ನಿಸಿಕೊಂಡು, ಮನೆಗೆ ಹೋಗಿ, ರಕ್ಷಾಪುಟವನ್ನು ಮಗಳು ಗೀತಾಂಜಲಿಗೆ ತೋರಿಸಿ, “ಈ ತಾತನ ಜೀವ ನಿಮ್ಮವ್ವ ಉಳಿಸಿದ್ಲು” ಎಂದಿದ್ದಳು. ಹುಡುಗಿ ಪುಟವನ್ನು ಓರೆಯಾಗಿ ಹಿಡಿದು, “ತಾತ ಯಾಕ ಅಳಾಕತ್ಯಾನ?” ಎಂದು ಕೇಳಿದಳು. “ಅಳು ಅಲ್ಲವ್ವಾ, ದೀಪದ ಹೊಳಪು ಅದು” ಎಂದಿದ್ದಳು ಗಂಗಾಂಬಿಕಾ.

ದುರುಗಣ್ಣ ಆಫೀಸಿಗೆ ಬಂದದ್ದು ಎಂಟು ದಿನದ ಹಿಂದೆ, ಮದ್ದಳೆಯ ಅರ್ಜಿ ಹಿಡಿದುಕೊಂಡು. ಮಾತಿಗೆ ಮಾತು ಬಂದು, ಊರಲ್ಲಿ ಆಟ ಎತ್ತಿದ್ದಾರೆ, ತಾಲೀಮು ನಡೆದಿದೆ ಎಂದ. “ಹಂಗಾರ ಕಾಕಾಂದ ರಾಕ್ಷಸ ಪಾತ್ರ?” ಎಂದು ಅವಳು ಬರೆಯುತ್ತಲೇ ಕೇಳಿದಳು. ಅವನು ನಕ್ಕ. “ನೀವ ಬಿಚ್ಚಿಸಿ, ನೀವ ಕೇಳ್ತೀರಲ್ರಿ ಅಕ್ಕಾರ.” “ಏನು ಬಿಚ್ಚಿಸೀನಿ?” “ಗೆಜ್ಜಿ. ದೀಪದ ಮುಂದ ಬಿಚ್ಚಿ ಮತ್ತೊಬ್ಬರ ಕೈಯಾಗ ಕೊಟ್ಟ ಮ್ಯಾಲ ಮುಗೀತ್ರಿ. ಮತ್ತ ಕಟ್ಟಂಗಿಲ್ಲ. ನಮ್ಮ ಮೇಳದಾಗ ಅದು ಹಿರೇರ ಕಾಲದಿಂದ ಐತಿ. ಕಥೀ ಕಲಿಸೋ ಬೊಮ್ಮಪ್ಪ ಮಾಸ್ತರು ಸೈತ ಕೈ ಮುಗುದು ಕರದ್ರು. ‘ಸಂಸ್ಥಾದವ್ರು ದೀಪ ಹಚ್ಚಿಸಿ ಮರ್ಯಾದಿಲೇ ಇಳಿಸ್ಯಾರ, ಮತ್ತ ಏರಿದ್ರ ಆ ಮರ್ಯಾದಿ ಏನಾತು’ ಅಂದ್ರು ಕಾಕಾ.” ಅವಳ ಪೆನ್ನು ನಿಂತಿತು. ದುರುಗಣ್ಣ ಇನ್ನೂ ನಗುತ್ತಿದ್ದ. “ನನಗೂ ಅವತ್ತ ದಿಗಿಲಾತ್ರಿ. ಪದ್ಧತಿ ಇವರಿಗೆ ಯಾರು ಹೇಳಿಕೊಟ್ರು, ಓದಿದವ್ರು ಎಲ್ಲಾ ತಿಳಕೊಂಡಿರ್ತಾರ ಅಂದ್ಕೊಂಡೆ.”

ಮದ್ದಳೆಯ ಅರ್ಜಿಗೆ ಸಹಿ ಹಾಕುವ ಜಾಗದಲ್ಲಿ ಅವಳು ತಾರೀಖು ಬರೆದಿದ್ದಳು.

ಹಂಪಸಾಗರದಲ್ಲಿ ಇಳಿದಾಗ ಹನ್ನೊಂದಾಗಿತ್ತು. ಹಿನ್ನೀರಿನ ಕಡೆಯಿಂದ ಮೀನಿನ, ಕೆಸರಿನ ವಾಸನೆ ಬರುತ್ತಿತ್ತು. ಮಗಳಿಗೆ ಬೆಳಿಗ್ಗೆ ಮೈ ಬಿಸಿ ಇತ್ತು. ಅತ್ತೆಗೆ ಫೋನ್ ಮಾಡಿದಳು. “ಈಗ ಗಂಜಿ ಕುಡದು ಮಲಗ್ಯಾಳ, ನಿನ್ನ ಕೆಲಸ ಮುಗಿಸಿಕೊಂಡು ಬಾ” ಎಂದರು ಅವರು. ಕೆಲಸ ಏನು? ಯೋಜನೆಯನ್ನು ಇನ್ನೊಂದು ವರ್ಷಕ್ಕೆ ಮುಂದುವರಿಸಲು ಫಲಾನುಭವಿಯ ಹೊಸ ಫೋಟೋ ಒಂದು, ಸಹಿ ಒಂದು. ಅದಕ್ಕೆ ಹತ್ತು ನಿಮಿಷ ಸಾಕು. ಹನ್ನೊಂದನೆಯ ನಿಮಿಷದಲ್ಲಿ ಅವಳು ಹೇಳಬೇಕಾದದ್ದು: ಆ ದೀಪ ಪೂಜೆಯದಲ್ಲ, ಕರೆಂಟ್ ಹೋಗಿತ್ತು, ಮುಖ ಕಾಣುತ್ತಿರಲಿಲ್ಲ, ಅಷ್ಟೇ. ಹೇಳಿದರೆ ಅವರು ಮತ್ತೆ ಕಟ್ಟಿಕೊಳ್ಳಬಹುದು. ಇವತ್ತು ಸಂಜೆ ತಾಲೀಮಿನ ಮನೆಯಲ್ಲಿ ಪಾತ್ರ ಖಾಯಂ ಮಾಡುತ್ತಾರೆಂದು ದುರುಗಣ್ಣ ಹೇಳಿದ್ದ. ಆದರೆ ಹೇಳದಿದ್ದರೆ? ಹೇಳದಿದ್ದರೆ ಅವರ ಮನಸ್ಸಿನಲ್ಲಿ ಅದು ದೊಡ್ಡ ಮನುಷ್ಯರು ಬಂದು ನಡೆಸಿಕೊಟ್ಟ ದೊಡ್ಡ ಕೆಲಸವಾಗಿಯೇ ಉಳಿಯುತ್ತದೆ. ಎರಡೂ ಸರಿ ಅನ್ನಿಸುತ್ತಿತ್ತು. ಹೇಳುವುದು ಅವರ ಸಲುವಾಗಿಯೋ ತನ್ನ ಸಲುವಾಗಿಯೋ ಎಂಬ ಪ್ರಶ್ನೆ ಬಂದಾಗಲೆಲ್ಲ ಅವಳು ಸೆರಗು ಸರಿಪಡಿಸಿಕೊಂಡು ಬೇಗ ಬೇಗ ಹೆಜ್ಜೆ ಹಾಕಿದಳು.

ಜೈತುನ್ ಬೀ ಹೊರಗೆ ಜೋಳ ಹಸನು ಮಾಡುತ್ತಿದ್ದವರು ಮೊರ ಕೆಳಗಿಟ್ಟು ಎದ್ದರು. ಒಳಗೆ ಕರೆಯಲಿಲ್ಲ. ಅವಳ ಕೈ ಹಿಡಿದು ಗೋಡೆಯ ಮಗ್ಗುಲಿಗೆ ಎಳೆದುಕೊಂಡು ಹೋದರು. “ಅಲ್ಲಾನೇ ಕಳಿಸ್ಯಾನ ನಿಮ್ಮನ್ನ. ಅವತ್ತ ದೀಪ ಹಚ್ಚಿದಾಕಿ ನಾನು. ಮಾರಿ ಕಾಣವಲ್ದು ಅಂತ ನೀವಂದಿದ್ದು ನಾ ಕೇಳೀನಿ. ನಾ ಹೇಳಿದ್ರ, ‘ನಿನಗೇನು ತಿಳೀತೈತಿ, ಸುಮ್ನಿರು’ ಅಂತಾರ. ನೀವಾದ್ರೂ ಹೇಳ್ರಿ, ತಾಯೀ.”

“ಅವರಿಗೆ ಬೇಜಾರಾದ್ರ, ಚಾಚಿ?”

“ಬೇಜಾರು ಈಗೇನು ಕಡಿಮಿ ಐತೇನು? ದಿನಾ ಸಂಜಿಕೆ ತಾಲೀಮಿಗೆ ಹೋಗ್ತಾರ. ಖುರ್ಚಿ ಹಾಕ್ತಾರ, ಮೊದಲನೇ ಚಾ ಇವರಿಗೇ ಕೊಡ್ತಾರ. ಖುರ್ಚಿ ಮ್ಯಾಲ ಕಾಲು ಮಡಚಿಕೊಂಡು ಕುಂತಿರ್ತಾರ. ಯಾಕ ಅಂದ್ರ, ಕೆಳಗ ಬಿಟ್ರ ತಾಳ ಹಾಕ್ತಾವಂತ. ಡಾಕ್ಟ್ರು ಸೈತ ಕುಣೀಬಹುದು ಅಂದಾರ. ಹೇಳ್ರಿ.”

ದಾವಲ್ ಸಾಬ್ ಪಡಸಾಲೆಯಲ್ಲಿ ಬಿಚ್ಚಿದ ಮೋಟರೊಂದರ ಮುಂದೆ ಕೂತು ತಾಮ್ರದ ತಂತಿ ಸುತ್ತುತ್ತಿದ್ದರು. ತುಟಿ ಎಣಿಕೆಯಲ್ಲಿ ಅಲುಗುತ್ತಿತ್ತು. ಅವಳನ್ನು ಕಂಡು ಎಣಿಕೆ ಬಿಡದೆಯೇ ಕಣ್ಣಲ್ಲಿ ಬರ್ರಿ ಎಂದರು, ಆ ಸುತ್ತು ಮುಗಿದ ಮೇಲೆ, “ಎಂಬತ್ನಾಕು” ಎಂದು ಗಟ್ಟಿಯಾಗಿ ಹೇಳಿ, “ನೆನಪಿಡ್ರಿ ಮೇಡಮ್ಮಾರ, ಎಂಬತ್ನಾಕು. ನಾ ಮರತ್ರ ಯಾರದೋ ಹೊಲ ಒಣಗ್ತೈತಿ” ಎಂದು ನಕ್ಕರು. ಅವರ ಮೈಗೆ ಬಣ್ಣ ಬಂದಿತ್ತು. ಅಂಗಿಯ ಗುಂಡಿಯ ಸಂದಿಯಲ್ಲಿ ಎದೆ ಮೆಲ್ಲಗೆ ಏರಿಳಿಯುತ್ತಿತ್ತು. ತನ್ನ ಕೈಯಿಂದ ಉಳಿದ ಆ ಉಸಿರನ್ನು ನೋಡುತ್ತ ಅವಳಿಗೆ ಒಂದು ಕ್ಷಣ, ಇಷ್ಟು ಸಾಲದೇ, ಈ ಮನುಷ್ಯ ಕೂತು ನಗುವುದು ಸಾಲದೇ ಎನ್ನಿಸಿತು. ಗೋಡೆಯ ಮೇಲೆ ವರದಿಯ ರಕ್ಷಾಪುಟಕ್ಕೆ ಕಟ್ಟು ಹಾಕಿಸಿ ತೂಗುಹಾಕಿದ್ದರು. ಚಿತ್ರದ ಕೆಳಗೆ ಇಂಗ್ಲಿಷಿನಲ್ಲಿ ಏನೋ ಬರೆದಿತ್ತು. “ಅದೇನಂತ ಓದಿ ಹೇಳ್ರಿ, ಹೋದ ಸಲಾನೂ ಕೇಳಬೇಕು ಅಂತಿದ್ದೆ” ಎಂದರು. ಕೊಡುವ ಕೈ, ಪಡೆಯುವ ಕೈ, ಆರದ ಕಲೆ. ಅವಳು ಕನ್ನಡದಲ್ಲಿ ಹೇಳಿದಳು. ಅವರು ಅದನ್ನು ನಾಲಗೆಯ ಮೇಲೆ ಇಟ್ಟು ನೋಡಿದಂತೆ ತಾವೂ ಒಮ್ಮೆ ಅಂದು, “ಛಲೋ ಬರದಾರ” ಎಂದರು. “ಬಾಕೀ ಕಲಾವಂತರೆಲ್ಲ ಹೆಂಗ ಬಿಟ್ರು? ಒಬ್ಬ ಕುಡದು ಬಿಟ್ಟ, ಒಬ್ಬ ಕಾಲು ಬಿದ್ದು ಬಿಟ್ಟ, ಒಬ್ಬನ್ನ ಕರೀದನ ಬಿಟ್ರು. ನಂದೊಂದು, ಅಲ್ಲಾನ ದಯೆ, ದೀಪದ ಮುಂದ ಆತು.”

ಇಲ್ಲಿಯೇ ಅವಳು ಸುಮ್ಮನಾಗಬೇಕಿತ್ತು. ಅದು ಅವಳಿಗೆ ಆಗಲೂ ಗೊತ್ತಿತ್ತು. ಜ್ವರ ಬಂದ ಮಗು ಕಣ್ಣು ಮುಚ್ಚಿದಾಗ ತಟ್ಟುವ ಕೈಯನ್ನು ಹೇಗೆ ಸಪ್ಪಳವಿಲ್ಲದೆ ಹಿಂದಕ್ಕೆ ತೆಗೆದುಕೊಳ್ಳುತ್ತೇವೋ ಹಾಗೆ ಎದ್ದು ಬರಬಹುದಿತ್ತು. ಆದರೆ ಬಾಗಿಲಲ್ಲಿ ಜೈತುನ್ ಬೀ ನಿಂತು ನೋಡುತ್ತಿದ್ದರು, ಗೋಡೆಯ ಮೇಲಿನ ಮುದುಕ ನೋಡುತ್ತಿದ್ದ, ಎಂಟು ದಿನದಿಂದ ಎದೆಯಲ್ಲೊಂದು ಕಲ್ಲು ಕೂತಿತ್ತು. “ಕಾಕಾ, ಒಂದು ಮಾತು” ಎಂದಳು. ಹೇಳಿದಳು. ಬೇಗ ಬೇಗ, ಒಂದರ ಮೇಲೊಂದು. ಪಟ್ಟಿ ಭರ್ತಿಯಾದದ್ದು, ಕಾಗದಕ್ಕೆ ಮಾತ್ರ ಅಂದುಕೊಂಡದ್ದು, ಕರೆಂಟು ಹೋದದ್ದು, ಪದ್ಧತಿ ತನಗೆ ಗೊತ್ತಿರಲಿಲ್ಲ ಎಂಬುದು, ಗೊತ್ತಿದ್ದರೆ ಸಾಯಿ ಅಂದರೂ ದೀಪ ಕೇಳುತ್ತಿರಲಿಲ್ಲ ಎಂಬುದು. ತನ್ನ ದನಿ ತನಗೇ ಅಂಗಡಿಯವನ ಲೆಕ್ಕದ ದನಿಯಂತೆ ಕೇಳಿತು. ಕೊನೆಗೆ, “ಅದು ಪೂಜಿ ಅಲ್ಲ ಕಾಕಾ. ನೀವು ಸಂಜಿಕೆ ಹೋಗಿ ಮತ್ತ ಕಟ್ಟಿಕೋಬಹುದು” ಎಂದಳು.

ದಾವಲ್ ಸಾಬರ ಬೆರಳು ತಂತಿಯ ಮೇಲೆ ನಿಂತಿತ್ತು. “ಅಂದ್ರ, ಅದು ಬೆಳಕಿಗೆ?”

“ಹೌದ್ರಿ.”

“ಇನ್ನೊಮ್ಮೆ ಕೊಡ್ರಿ ಅಂದ್ರಲ್ಲ?”

“ಕಣ್ಣು ಮುಚ್ಚಿದ್ರಿ ಕಾಕಾ. ಫೋಟೋದಾಗ.”

“ಮುಚ್ಚಿದ್ದೆ” ಎಂದರು ಅವರು. “ನಾನು, ಎರಡು ಕಾಲಿನ ಗೆಜ್ಜಿನೂ ಬ್ಯಾರೆ ಬ್ಯಾರೆ ಕೊಡಬೇಕು ಅಂತ ದೊಡ್ಡ ಊರ ಕಡೆ ಪದ್ಧತಿ ಇರಬೇಕು ಅಂದ್ಕೊಂಡೆ” ಎಂದು ತಮ್ಮಷ್ಟಕ್ಕೆ ಎಂಬಂತೆ ಹೇಳಿದರು.

ಜೈತುನ್ ಬೀ ಒಳಗೆ ಬಂದರು. ಅವರ ಮುಖದಲ್ಲಿ ಬಹಳ ದಿನದ ಮೇಲೆ ಏನೋ ಸಿಕ್ಕಿದ ಗೆಲುವಿತ್ತು. “ಕೇಳಿದ್ರಲ್ಲ? ನಾ ಹೇಳಿದ್ರ ನಂಬಲಿಲ್ಲ. ಈಗರ ಹೋಗ್ರಿ, ದುರುಗಣ್ಣನ ಕೈಯಾಗಿಂದ ಇಸಕೊಂಡು ಬರ್ರಿ.”

“ನೀ ಸುಮ್ನಿರು.” ಸಿಟ್ಟಿರಲಿಲ್ಲ. “ದೀಪಕ್ಕ ಇದೆಲ್ಲ ಗೊತ್ತಿರ್ತೈತೇನು? ಇವರು ಫೋಟೋ ತಗದ್ರು, ಖರೆ. ನಾ ಫೋಟೋಕ್ಕ ಬಿಚ್ಚಲಿಲ್ಲ. ನಾ ಬಿಚ್ಚೇ ಬಿಚ್ಚಿದೆ.” ಅವರು ಗಂಗಾಂಬಿಕಾಳ ಕಡೆ ತಿರುಗಿದರು. ಆ ಮುಖದಲ್ಲಿ ಅವಳು ಹಿಂದೆಂದೂ ಕಾಣದ ಒಂದು ಹೆದರಿಕೆಯಿತ್ತು. “ದುರುಗಣ್ಣಗ ಇದನ್ನ ಹೇಳೀರೇನು?”

“ಇಲ್ರಿ.”

“ಹೇಳಬ್ಯಾಡ್ರಿ. ಯಾರ ಮುಂದೂ ಬ್ಯಾಡ. ನಿಮಗ ಗೊತ್ತಿಲ್ಲ ಮೇಡಮ್ಮಾರ, ಆಟದಾಗ ಹಾಸ್ಯ ಮಾಡೋ ಸಾರಥಿ ಅಂತ ಒಬ್ಬ ಇರ್ತಾನ. ಊರಾಗ ಯಾರ ಮನಿಯಾಗ ಏನಾತು ಅಂತ ಹುಡುಕಿ ಅಟ್ಟದ ಮ್ಯಾಲ ತಂದು ಇಡೋದ ಅವನ ಕೆಲಸ. ‘ದಾವಲ್ ಸಾಬ ಯಾಕಪ್ಪ ಗೆಜ್ಜಿ ಬಿಚ್ಚಿದಾ?’ ‘ಮಾರಿ ಕಾಣಲಿ ಅಂತ ಬಿಚ್ಚಿದ.’ ಇಷ್ಟ ಸಾಕು. ಇಡೀ ಊರು ನಗ್ತೈತಿ. ನಾನೂ ಅಟ್ಟದ ಹಿಂದ ಕುಂತು ಎಷ್ಟು ಜನರ ಮ್ಯಾಲ ನಕ್ಕೀನಿ.”

“ಯಾರಿಗೂ ಹೇಳಂಗಿಲ್ಲ ಕಾಕಾ. ನನ್ನ ಮಗಳ ಆಣಿ.”

“ಮಗಳ ಮ್ಯಾಲ ಆಣಿ ಇಡಬ್ಯಾಡ್ರಿ” ಎಂದರು ತಟ್ಟನೆ. ಅದು ಅವರ ಎಂದಿನ ದನಿ. “ಹೆಂಗದಾಳ ಆಕಿ? ಸಾಲಿಗೆ ಹೋಗ್ತಾಳೇನು?” ಸ್ವಲ್ಪ ಮೈ ಬಿಸಿ ಎಂದಳು. ಶುಂಠಿ ಕಷಾಯ ಕೊಡ್ರಿ ಎಂದರು. ಆಮೇಲೆ ಮೋಟರಿನ ಕಡೆ ಬಗ್ಗಿದರು. ಎಣಿಕೆ ಎಲ್ಲಿಗೆ ನಿಂತಿತ್ತು ಎಂದು ಅವಳನ್ನು ಕೇಳಲಿಲ್ಲ. ಅವಳೂ ಎಂಬತ್ನಾಕು ಎಂದು ನೆನಪಿಸಲಿಲ್ಲ. ಬಾಯಿ ತೆರೆಯಲು ಭಯವಾಗಿತ್ತು. ಅವರು ಸುತ್ತಿದ್ದನ್ನೆಲ್ಲ ಬಿಚ್ಚಿ, ತಂತಿಯನ್ನು ನೀಟಾಗಿ ನೇರ ಮಾಡಿ, ಒಂದು ಎಂದು ಶುರು ಮಾಡಿದರು.

ಫೋಟೋ ಆಗಬೇಕಿತ್ತು. ಅವಳು ಅದನ್ನು ಹೇಗೆ ಕೇಳಿದಳೋ. ಅವರು ಎದ್ದು, ಕೈ ಒರೆಸಿಕೊಂಡು, ಅಂಗಳದ ಬಿಸಿಲಿಗೆ ಬಂದು ನಿಂತರು. ತಾವಾಗಿಯೇ ಕಣ್ಣು ಅಗಲ ಬಿಟ್ಟುಕೊಂಡು, ಅವಳು ಮೊಬೈಲು ಕೆಳಗಿಳಿಸುವವರೆಗೂ ರೆಪ್ಪೆ ಬಡಿಯದೆ ನಿಂತರು. ಕಣ್ಣಲ್ಲಿ ನೀರು ಬಂತು. ಬಿಸಿಲಿಗೆ. ಸಹಿಯನ್ನೂ ಮಾಡಿದರು.

ಜೈತುನ್ ಬೀ ಉಣ್ಣದೆ ಬಿಡಲಿಲ್ಲ. ಜೋಳದ ರೊಟ್ಟಿ, ಪುಂಡಿಪಲ್ಲೆ. ಒಲ್ಲೆನೆಂದು ಕೂತವಳು ಮೊದಲ ತುತ್ತಿಗೇ ತನಗೆ ಎಷ್ಟು ಹಸಿವಾಗಿದೆ ಎಂದು ತಿಳಿದು ಅವಮಾನಗೊಂಡಳು. ಎರಡನೆಯ ರೊಟ್ಟಿಯನ್ನೂ ತಿಂದಳು. ಪಡಸಾಲೆಯಿಂದ ಎಣಿಕೆಯ ದನಿ ಒಂದೇ ಸಮ ಬರುತ್ತಿತ್ತು, ಮೂವತ್ತಾರು, ಮೂವತ್ತೇಳು. ಮತ್ತೆ ನಿಂತಿತು. “ಜೈತುನ್,” ಎಂದು ಅವರು ಅಲ್ಲಿಂದಲೇ ಕರೆದು ಹೇಳಿದರು, “ಸಂಜಿಕೆ ಯಾರಾದ್ರೂ ಕರಿಯಾಕ ಬಂದ್ರ ಮೈಯಾಗ ಆರಾಮಿಲ್ಲ ಅನ್ನು. ಖುರ್ಚಿ ಹಾಕೋದು ಬ್ಯಾಡ ಅನ್ನು. ನಾಳೆನೂ ಬರಂಗಿಲ್ಲ.” ಜೈತುನ್ ಬೀ ಕೈಯಲ್ಲಿದ್ದ ಪಲ್ಲೆಯ ಸೌಟನ್ನು ಹಾಗೆಯೇ ಹಿಡಿದು ನಿಂತರು. ಅವರು ಗಂಗಾಂಬಿಕಾಳನ್ನು ನೋಡಲಿಲ್ಲ. ಆಮೇಲೆ ನೆನಪಾದವರಂತೆ ಬಗ್ಗಿ ಅವಳ ತಟ್ಟೆಗೆ ಇನ್ನಷ್ಟು ಪಲ್ಲೆ ಬಡಿಸಿದರು.

ಬಸ್ ನಿಲ್ದಾಣದವರೆಗೆ ಜೈತುನ್ ಬೀಯೇ ಬಂದರು. ಬೇಡವೆಂದರೂ ಬಂದರು. ಬಸ್ಸು ದೂರದಲ್ಲಿ ಧೂಳೆಬ್ಬಿಸಿಕೊಂಡು ಬರುವುದು ಕಂಡಾಗ ಹೇಳಿದರು: “ಹೇಳ್ರಿ ಅಂದಾಕಿ ನಾನ. ನಿಮ್ಮ ಮ್ಯಾಲ ಏನು ಹಾಕ್ಲಿ? ಆದರ ಮುಂದಿನ ವರ್ಷ ಬ್ಯಾರೇದವ್ರನ್ನ ಕಳಿಸ್ರಿ, ತಾಯೀ. ನಿಮ್ಮನ್ನ ನೋಡಿದ್ರ ಅವರು ಮತ್ತ ಕಣ್ಣು ಅಗಲ ಬಿಟ್ಕೊಂಡು ನಿಂದಿರ್ತಾರ.” ಆಗಲಿ ಎಂದಳು ಗಂಗಾಂಬಿಕಾ. ಅವರ ಕೈ ಹಿಡಿಯಬೇಕೆಂದು ಚಾಚಿದಳು. ಅವರು ಅದರಲ್ಲಿ ರೊಟ್ಟಿ ಕಟ್ಟಿದ ಬಟ್ಟೆಯ ಗಂಟನ್ನು ಇಟ್ಟರು, ಮಗಳಿಗೆಂದು.

ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ರೊಟ್ಟಿಯ ಗಂಟು ಮಡಿಲಲ್ಲಿ ಇನ್ನೂ ಬೆಚ್ಚಗಿತ್ತು. ಈಗ ಅಳು ಬರುತ್ತದೆ ಎಂದು ಅವಳು ಕಾದಳು. ಸೆರಗಿನ ತುದಿಯನ್ನು ಕೈಯಲ್ಲಿ ಸಿದ್ಧವಾಗಿ ಹಿಡಿದುಕೊಂಡಳು. ಬರಲಿಲ್ಲ. ಎದೆಯಲ್ಲಿ ಕೈಯಿಟ್ಟು ಹುಡುಕಿದರೂ ಕಲ್ಲು ಇರಲಿಲ್ಲ. ಅದು ಎಲ್ಲಿ ಹೋಯಿತೆಂದು, ಯಾರ ಪಡಸಾಲೆಯಲ್ಲಿ ಇಳಿಸಿ ಬಂದೆನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಮೈ ಹಗುರವಾಗಿತ್ತು. ಬಿಸಿಗಾಳಿ ಮುಖಕ್ಕೆ ಬಡಿಯುತ್ತಿತ್ತು. ಸಜ್ಜೆಯ ಹೊಲಗಳು, ಒಂದು ಪಂಪ್‌ಸೆಟ್ಟಿನ ಮನೆ, ಮತ್ತೆ ಹೊಲಗಳು. ಎಂಟು ದಿನದಿಂದ ಹಾಸಿಗೆಯಲ್ಲಿ ಹೊರಳಿಸಿ ಹೊರಳಿಸಿ ಕಾಡಿದ್ದ ನಿದ್ದೆ ಅವಳ ಕಣ್ಣಿಗೆ ಅಲ್ಲೇ, ಆ ಗದ್ದಲದ ನಡುವೆ, ಯಾವ ತಕರಾರೂ ಇಲ್ಲದೆ ಬಂದು ಕೂತಿತು. ಹಗರಿಬೊಮ್ಮನಹಳ್ಳಿ ಬಂದಾಗ ಕಂಡಕ್ಟರನೇ ಬಂದು ಎಬ್ಬಿಸಬೇಕಾಯಿತು.